ಸಂಗೀತ ಪಾಠದ ವಿಡಿಯೋ ಮಾರುವ ಮೊದಲು ಯಾರ್ಯಾರ ಸಹಿ ಬೇಕು?

ಪ್ರಶ್ನೆ: ನಾನು ಸಾಗರದಲ್ಲಿ 18 ವರ್ಷಗಳಿಂದ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದೇನೆ. ಈಗ 40 ವಿಡಿಯೋ ಪಾಠ ಮಾಡಿ ಆನ್‌ಲೈನ್‌ನಲ್ಲಿ ಮಾರಬೇಕೆಂದಿದ್ದೇನೆ. ಮೊದಲ ಅಭ್ಯಾಸವಾದ ಸರಳೆ ವರಸೆಯಿಂದ ಸಂಗೀತದ ಜೂನಿಯರ್ ಪರೀಕ್ಷೆಯ ಮಟ್ಟದವರೆಗೆ ಪಾಠ, ಕೊನೆಯಲ್ಲಿ ಒಂದಷ್ಟು ದೇವರನಾಮ, ಭಾವಗೀತೆ. ಅದರಲ್ಲಿ ಐದು ದೇವರನಾಮಗಳಿಗೆ ರಾಗ ಹಾಕಿದವರು ನನ್ನ ಗುರುಗಳು. ಅವರು ಈಗಿಲ್ಲ. ಪಿಟೀಲು, ಮೃದಂಗದವರು ಪರಿಚಯದವರೇ. ಮದುವೆ ವಿಡಿಯೋ ಮಾಡುವ ಹುಡುಗನೊಬ್ಬ, ನಮ್ಮ ಅಣ್ಣನ ಮಗನ ಗೆಳೆಯ, ದುಡ್ಡು ತೆಗೆದುಕೊಳ್ಳದೆ ಶೂಟ್ ಮಾಡಿಕೊಡುತ್ತಾನಂತೆ. ನಾಲ್ಕು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡುವ ಯೋಚನೆ. ಮೊದಲ ದೃಶ್ಯವನ್ನು ಇಕ್ಕೇರಿ ದೇವಸ್ಥಾನದಲ್ಲಿ ತೆಗೆಯುವ ಆಸೆ. ಅಮೆರಿಕ, ದುಬೈನಲ್ಲಿರುವ ನಮ್ಮವರ ಮಕ್ಕಳೂ ಕೊಳ್ಳಬಹುದು. ಇದಕ್ಕೆಲ್ಲ ಯಾರ ಅನುಮತಿ ಬೇಕು? "ಕೃಪೆ ಅಂತ ಹೆಸರು ಹಾಕಿದರೆ ಸಾಕು", "30 ಸೆಕೆಂಡ್ ಒಳಗಿದ್ದರೆ ಯಾರೂ ಕೇಳೋ ಹಾಗಿಲ್ಲ" ಎಂದು ಕೆಲವರು ಹೇಳುತ್ತಾರೆ. ನಿಜವೇ?

ಉತ್ತರ: ಮೇಡಂ, ಕ್ಯಾಮೆರಾ ಆನ್ ಆಗುವ ಮೊದಲೇ ಕೇಳಿದ್ದೀರಿ, ತುಂಬಾ ಒಳ್ಳೆಯದಾಯಿತು. ಕಾನೂನು ಸಲಹೆಗೆ ನನ್ನ ಆಫೀಸಿಗೆ ಬರುವ ಸಂಗೀತ, ನೃತ್ಯದ ಗುರುಗಳಲ್ಲಿ ಹೆಚ್ಚಿನವರು ವಿಡಿಯೋ ಮಾರಾಟಕ್ಕೆ ಬಿಟ್ಟು, ಯಾರದೋ ನೋಟಿಸ್ ಕೈಗೆ ಬಂದ ಮೇಲೆ ಬರುತ್ತಾರೆ. ಆಗ ನಾನು ಮಾಡಬಹುದಾದ್ದು ಕಡಿಮೆ.

ಮೊದಲು ಆ ಎರಡು ಮಾತು. ಹೆಸರು ಹಾಕುವುದು ಮರ್ಯಾದೆ, ಹಾಕಲೇಬೇಕು. ಆದರೆ ಅದರಿಂದ ಅನುಮತಿ ಸಿಕ್ಕಂತಾಗುವುದಿಲ್ಲ. ಇನ್ನು 30 ಸೆಕೆಂಡಿನ ಲೆಕ್ಕ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಂಥದ್ದು ಎಲ್ಲೂ ಇಲ್ಲ. ಹತ್ತು ಸೆಕೆಂಡೂ ಇಲ್ಲ, ನಾಲ್ಕು ಸಾಲೂ ಇಲ್ಲ. ಪಲ್ಲವಿಯ ಒಂದೇ ಸಾಲಿನಲ್ಲಿ ಇಡೀ ಹಾಡು ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನ್ಯಾಯಾಲಯವೂ ಎಷ್ಟು ತೆಗೆದುಕೊಂಡಿರಿ ಎನ್ನುವ ಜೊತೆಗೆ ಯಾವ ಭಾಗ ತೆಗೆದುಕೊಂಡಿರಿ ಎಂದು ನೋಡುತ್ತದೆ.

ಇಷ್ಟು ವರ್ಷ ಗಣೇಶೋತ್ಸವದಲ್ಲಿ, ಶಾಲೆಯಲ್ಲಿ ಇದೇ ಹಾಡುಗಳನ್ನು ಹಾಡಿದ್ದೇವೆ, ಯಾರೂ ಕೇಳಲಿಲ್ಲ ಅಂತ ನಿಮಗೆ ಅನ್ನಿಸಬಹುದು. ಕೇಳದಿರಲು ಕಾರಣ ಇದೆ. ಧಾರ್ಮಿಕ ಸಮಾರಂಭದಲ್ಲಿ ಹಾಡುವುದನ್ನೂ, ಟಿಕೆಟ್ ಇಲ್ಲದೆ ಹವ್ಯಾಸಿ ಸಂಘದವರು ಮಾಡುವ ಕಾರ್ಯಕ್ರಮವನ್ನೂ ಕಾಯ್ದೆಯೇ ಬಿಟ್ಟುಕೊಟ್ಟಿದೆ. ಪಾಠ ಹೇಳುವವರಿಗೂ ಒಂದು ವಿನಾಯಿತಿ ಇದೆ. ಮೇಷ್ಟ್ರು, ವಿದ್ಯಾರ್ಥಿ ಪಾಠದ ಭಾಗವಾಗಿ ಮಾಡಿಕೊಳ್ಳುವ ಪ್ರತಿ ತಪ್ಪಲ್ಲ. 2016ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಪಕ್ಕದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟ್ ಈ ವಿನಾಯಿತಿಯನ್ನು ಸಾಕಷ್ಟು ಅಗಲವಾಗಿಯೇ ಓದಿತು. ಆದರೆ ಅಲ್ಲಿ ಇದ್ದದ್ದು ವಿಶ್ವವಿದ್ಯಾಲಯದ ಪಾಠಕ್ಕೆಂದು ಪುಸ್ತಕಗಳಿಂದ ಜೆರಾಕ್ಸ್ ಮಾಡಿದ ಪುಟಗಳ ಕಟ್ಟು. ದುಡ್ಡು ಕಟ್ಟಿದ ಯಾರಿಗೆ ಬೇಕಾದರೂ ಸಿಗುವ, ದುಬೈನಲ್ಲೂ ಬಿಕರಿಯಾಗುವ ವಿಡಿಯೋವನ್ನು ಅದೇ ಬಾಗಿಲಿನಿಂದ ಒಳಗೆ ತರಬಹುದು ಎಂದು ನಂಬಿ ದುಡ್ಡು ಹಾಕಬೇಡಿ. ತಿಳಿದೂ ತಿಳಿದೂ ಹಕ್ಕು ಮುರಿದು ವ್ಯಾಪಾರ ಮಾಡಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ.

ಈಗ ನಿಮ್ಮ ಪಾಠದ ಪಟ್ಟಿಗೆ ಬರೋಣ. ಹೆಚ್ಚು ಹೊತ್ತು ಕೂತು ನೋಡಬೇಕಾದ್ದು ಇದನ್ನೇ.

ನಮ್ಮಲ್ಲಿ ಒಂದು ರಚನೆಯ ಹಕ್ಕು ರಚನೆಕಾರರು ಬದುಕಿರುವಷ್ಟು ಕಾಲ ಇರುತ್ತದೆ. ಅವರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಲೆಕ್ಕ ಹಾಕಬೇಕು. ಆಮೇಲೆ ಅದು ಎಲ್ಲರದ್ದು. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆಗಳಂಥ ಆರಂಭದ ಪಾಠಗಳ ಬಗ್ಗೆ ಯೋಚನೆಯೇ ಬೇಡ. ಪುರಂದರದಾಸರಿಂದ ಬಂದ ಆಸ್ತಿ, ನಮ್ಮೆಲ್ಲರದ್ದು. ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಕೂಡ ಹಾಗೆಯೇ. ಮುತ್ತಯ್ಯ ಭಾಗವತರು 1945ರಲ್ಲಿ ತೀರಿಕೊಂಡರು, ಅವರ ರಚನೆಗಳೂ ಮುಕ್ತ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಅಂದರೆ 2021ರ ಕೊನೆಗೆ ಅವಧಿ ಮುಗಿದು, 2022ರ ಜನವರಿ 1ರಿಂದ ಅವರ ಕೃತಿಗಳನ್ನು ಯಾರು ಬೇಕಾದರೂ ಹೇಳಿಕೊಡಬಹುದು, ಮಾರಬಹುದು. ಹತ್ತು ವರ್ಷದ ಹಿಂದೆ ನೀವು ಇದೇ ಪ್ರಶ್ನೆ ಕೇಳಿದ್ದರೆ ನಾನು ಬೇರೆ ಉತ್ತರ ಕೊಡಬೇಕಿತ್ತು.

ಆದರೆ ಜಯಚಾಮರಾಜ ಒಡೆಯರು ತೀರಿಕೊಂಡದ್ದು 1974ರಲ್ಲಿ. ಅವರ ಕೃತಿಗಳ ಹಕ್ಕು 2034ರ ಕೊನೆಯವರೆಗೆ ಇದೆ. ಪಾಪನಾಶಂ ಶಿವನ್ ಅವರದ್ದು 2033ರ ಕೊನೆಯವರೆಗೆ. ನಮ್ಮ ಸಂಗೀತದವರಲ್ಲಿ ಬಹಳ ಜನಕ್ಕೆ ಇದು ಹೊಳೆಯುವುದೇ ಇಲ್ಲ. ಕೃತಿ ಅಂದರೆ ಹಳೆಯದು, ಹಳೆಯದು ಅಂದರೆ ಎಲ್ಲರದ್ದು ಎಂದುಕೊಂಡಿರುತ್ತಾರೆ. ಇನ್ನೊಂದು ಸಣ್ಣ ತೊಡಕು: ರಚನೆಕಾರರು ಬದುಕಿದ್ದಾಗ ಪ್ರಕಟವೂ ಆಗದೆ, ಕಛೇರಿಯಲ್ಲೂ ಹಾಡದೆ, ಆಮೇಲೆ ಬೆಳಕಿಗೆ ಬಂದ ರಚನೆಗೆ 60 ವರ್ಷದ ಲೆಕ್ಕ ಅದು ಬೆಳಕಿಗೆ ಬಂದ ವರ್ಷದಿಂದ ಶುರು.

ಭಾವಗೀತೆಗೆ ಬಂದರೆ ಹಕ್ಕು ಎರಡು ಪಾಲಾಗುತ್ತದೆ. ಸಾಹಿತ್ಯಕ್ಕೆ ಒಂದು, ರಾಗ ಸಂಯೋಜನೆಗೆ ಇನ್ನೊಂದು. ಬೇಂದ್ರೆ 1981ರಲ್ಲಿ ತೀರಿಕೊಂಡರು, ಅವರ ಪದ್ಯಗಳ ಹಕ್ಕು 2041ರ ಕೊನೆವರೆಗೆ. ಕುವೆಂಪು ಅವರದ್ದು 2054ರ ಕೊನೆವರೆಗೆ. ಕೆ.ಎಸ್. ನರಸಿಂಹಸ್ವಾಮಿಯವರದ್ದು 2063ರವರೆಗೆ. ಡಿ.ವಿ.ಜಿ. ಅವರದ್ದು 2035ರ ಕೊನೆಗೆ ಮುಗಿಯುತ್ತದೆ. ಬಿ.ಎಂ.ಶ್ರೀ., ಪಂಜೆ ಮಂಗೇಶರಾಯರು, ಗೋವಿಂದ ಪೈ ಅವರ ಪದ್ಯಗಳು ಈಗ ಮುಕ್ತ. ನಿಮ್ಮ ಮಟ್ಟದ ಮಕ್ಕಳಿಗೆ ಪಂಜೆಯವರ ಪದ್ಯಗಳೇ ಸಾಕಷ್ಟು ಚೆನ್ನಾಗಿ ಒಗ್ಗುತ್ತವೆ ಎಂದು ನನಗೆ ಅನ್ನಿಸುತ್ತದೆ.

ಎಲ್ಲರೂ ಎಡವುವುದು ಶಿಶುನಾಳ ಶರೀಫರ ಪದಗಳಲ್ಲಿ. ಶರೀಫರು 1889ರಲ್ಲಿ ತೀರಿಕೊಂಡರು, ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಎಷ್ಟೋ ಸಲ ಸಿ. ಅಶ್ವತ್ಥ್ ಅವರು ಹಾಕಿದ್ದು. ಅವರು ತೀರಿಕೊಂಡದ್ದು 2009ರಲ್ಲಿ. ಆ ಧಾಟಿಗೆ 2069ರ ಕೊನೆಯವರೆಗೆ ಹಕ್ಕಿದೆ. ಆ ಹಕ್ಕು ಮನೆಯವರ ಬಳಿ ಉಳಿದಿದೆಯೋ, ಕ್ಯಾಸೆಟ್ ಕಂಪನಿಗೆ ಬರೆದುಕೊಟ್ಟಾಗಿದೆಯೋ ಒಂದೊಂದು ಹಾಡಿಗೂ ವಿಚಾರಿಸಬೇಕು. ವಚನಗಳ ಕಥೆಯೂ ಇದೇ. ಬಸವಣ್ಣನವರ ಮಾತು ಎಲ್ಲರದ್ದು, ಅದನ್ನು ಹಾಡುವ ಧಾಟಿ ನಿನ್ನೆ ಮೊನ್ನೆಯದಾಗಿರಬಹುದು. ನೀವೇ ಧಾಟಿ ಹಾಕಬಲ್ಲವರು. ಶರೀಫರ ಪದಕ್ಕೆ, ವಚನಕ್ಕೆ ನಿಮ್ಮದೇ ರಾಗ ಹಾಕಿ ಪಾಠ ಮಾಡಿ. ಆ ಧಾಟಿಯ ಹಕ್ಕು ನಿಮ್ಮದಾಗುತ್ತದೆ.

ರಾಗ ಅಂದೆ. ಮೋಹನವೋ ಕಲ್ಯಾಣಿಯೋ ಯಾರ ಸ್ವತ್ತೂ ಅಲ್ಲ. ಆರೋಹಣ, ಅವರೋಹಣ, ತಾಳ ಇವು ಯಾವುದಕ್ಕೂ ಹಕ್ಕಿಲ್ಲ. ಆ ರಾಗದಲ್ಲಿ ಒಬ್ಬರು ಕಟ್ಟಿದ ರಚನೆಗೆ ಇದೆ, ಒಬ್ಬರು ಹೊಸದಾಗಿ ಕೂರಿಸಿದ ಚಿಟ್ಟೆಸ್ವರಕ್ಕೂ (ಕೃತಿಯ ನಡುವೆ ಹಾಡುವ ಸ್ವರಗಳ ಜೋಡಣೆ) ಇರಬಹುದು. ಅದನ್ನು ಬರೆದಿಡಬೇಕೆಂದೂ ಇಲ್ಲ. ಮೊದಲು ಸಂಗೀತ ರಚನೆಗೆ ಹಕ್ಕು ಬೇಕಾದರೆ ಅದು ಕಾಗದದ ಮೇಲೆ ಇರಬೇಕಿತ್ತು. 1994ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. ಬಾಯಿಪಾಠವಾಗಿ ಹೇಳಿಕೊಟ್ಟದ್ದೂ ರಚನೆಯೇ. ಬಾಯಿಂದ ಬಾಯಿಗೆ ಬಂದ ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಗೌರವ ಕಾನೂನಿನಿಂದ ಸಿಕ್ಕಿಲ್ಲ.

2025ರಲ್ಲಿ ದಿಲ್ಲಿ ಹೈಕೋರ್ಟ್‌ನಲ್ಲಿ ನಡೆದದ್ದನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. ದಾಗರ್ ಮನೆತನದ ಧ್ರುಪದ್ (ಹಿಂದೂಸ್ತಾನಿ ಸಂಗೀತದ ಹಳೆಯ ಶೈಲಿ) ರಚನೆಯೊಂದು ಎ.ಆರ್. ರಹಮಾನ್ ಅವರ ಸಿನಿಮಾ ಹಾಡಿನಲ್ಲಿ ಬಂದಿದೆ ಎಂಬ ತಕರಾರು. ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ದಾಗರ್ ಅವರ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಹಾಡುತ್ತಾ ಬಂದಿದ್ದಾರೆ ಎಂದ ಮಾತ್ರಕ್ಕೆ ಅವರೇ ರಚಿಸಿದ್ದು ಎಂದಾಗುವುದಿಲ್ಲ ಎಂಬುದು ಅಲ್ಲಿ ಬಂದ ಮುಖ್ಯ ಮಾತು. ನಿಮ್ಮ ಗುರುಗಳ ಐದು ದೇವರನಾಮಗಳಿಗೆ ಇದು ನೇರವಾಗಿ ತಾಗುತ್ತದೆ. ಧಾಟಿ ಅವರದ್ದೋ, ಅವರ ಗುರುಗಳಿಂದ ಬಂದದ್ದೋ? ನಿಮ್ಮ ಹಳೆಯ ನೋಟ್‌ಬುಕ್ ತೆಗೆದು ನೋಡಿ. ಪಾಠ ಬರೆದುಕೊಂಡ ತಾರೀಖು, ಅಂಚಿನಲ್ಲಿ ಹಾಕಿದ ಟಿಪ್ಪಣಿ ಇದ್ದರೆ ಆ ಪುಟದ ಫೋಟೊ ತೆಗೆದು ಜೋಪಾನ ಮಾಡಿ.

ಸಿನಿಮಾ ಹಾಡನ್ನು ರಾಗಕ್ಕೆ ಉದಾಹರಣೆಯಾಗಿ ಹಾಡಿ ತೋರಿಸುವ ಯೋಚನೆ ಇದ್ದರೆ ಈ ಸಲ ಬಿಟ್ಟುಬಿಡಿ. ಬೇರೆಯವರ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡುವ ಕವರ್ ಹಾಡಿಗೆ ಕಾಯ್ದೆಯಲ್ಲೇ ಲೈಸೆನ್ಸ್ ಇದೆಯಲ್ಲ ಎನ್ನುತ್ತಾರೆ. ಅದು ಆಡಿಯೋಗೆ ಮಾತ್ರ, ಅದೂ ಮೂಲ ಹಾಡು ಬಂದು ಐದು ವರ್ಷವಾದ ಮೇಲೆ. ವಿಡಿಯೋಗೆ ಆ ದಾರಿ ಇಲ್ಲ. ಸಾಹಿತ್ಯ, ಸಂಗೀತದ ಹಕ್ಕು ಯಾರಲ್ಲಿದೆಯೋ ಅವರಿಂದಲೇ ಪಡೆಯಬೇಕು, ಅದಕ್ಕೆ ಆಗುವ ಖರ್ಚು 40 ಪಾಠದ ಲಾಭವನ್ನೇ ತಿಂದುಹಾಕಬಹುದು.

ಹಾಡಿನ ಸ್ವರಗಳನ್ನು ಬರೆದಿಡುವ ಸ್ವರಲಿಪಿಯ ವಿಷಯ. ಕೃತಿ ಮುಕ್ತವಾದರೂ ಇತ್ತೀಚಿನವರು ಶ್ರಮಪಟ್ಟು ಬರೆದ ಪುಸ್ತಕದ ಪುಟವನ್ನು ಸ್ಕ್ರೀನಿನ ಮೇಲೆ ತೋರಿಸಬೇಡಿ, ಪಿ.ಡಿ.ಎಫ್. ಮಾಡಿ ಹಂಚಬೇಡಿ. ಜೂನಿಯರ್ ಪರೀಕ್ಷೆಗೆ ಸರ್ಕಾರವೇ ಹೊರತಂದ ಪುಸ್ತಕವಾದರೂ ಅಷ್ಟೆ, ಸರ್ಕಾರದ ಪ್ರಕಟಣೆಗೂ 60 ವರ್ಷ ಹಕ್ಕಿದೆ. ಸ್ವರಲಿಪಿಯನ್ನು ನೀವೇ ಕೂತು ಬರೆಯಿರಿ. "ಜೂನಿಯರ್ ಪರೀಕ್ಷೆಗೆ ಸಿದ್ಧತೆ" ಎಂದು ಪಾಠಕ್ಕೆ ಹೆಸರಿಡಬಹುದು. ಪರೀಕ್ಷೆ ನಡೆಸುವವರ ಲಾಂಛನ ಹಾಕುವುದು, "ಮಾನ್ಯತೆ ಪಡೆದ" ಎನ್ನುವುದು ಬೇಡ.

ಅಮೆರಿಕಕ್ಕೆ ಮಾರುವಾಗ ಒಂದು ಎಚ್ಚರಿಕೆ. ನಮ್ಮ 60 ವರ್ಷದ ಲೆಕ್ಕ ಅಲ್ಲಿ ನಡೆಯುವುದಿಲ್ಲ. 1978ಕ್ಕಿಂತ ಹಿಂದೆ ಪ್ರಕಟವಾದದ್ದಕ್ಕೆ ಅಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷದವರೆಗೆ ಹಕ್ಕಿರಬಹುದು. ದಾಸರ ಪದಗಳಿಗೆ, ತ್ಯಾಗರಾಜರೇ ಮೊದಲಾದ ತ್ರಿಮೂರ್ತಿಗಳ ಕೃತಿಗಳಿಗೆ ಇದರಿಂದ ತೊಂದರೆಯಿಲ್ಲ. 20ನೇ ಶತಮಾನದ ವಾಗ್ಗೇಯಕಾರರ (ಸಾಹಿತ್ಯ, ಸಂಗೀತ ಎರಡನ್ನೂ ರಚಿಸಿದವರ) ಪಾಠಗಳನ್ನು ಮಾತ್ರ ಬೇರೆ ಕಟ್ಟಾಗಿ ಇಟ್ಟುಕೊಂಡು, ಅದನ್ನು ಅಲ್ಲಿಗೆ ಮಾರುವ ಮೊದಲು ಇನ್ನೊಮ್ಮೆ ವಿಚಾರಿಸಿ.

ಇನ್ನು ಜೊತೆಗೆ ಕೂರುವವರು.

ಕೆಲವು ವರ್ಷಗಳ ಹಿಂದೆ ಒಬ್ಬ ನೃತ್ಯ ಗುರುಗಳು ನನ್ನ ಬಳಿ ಬಂದಿದ್ದರು. ಪಾಠದ ವಿಡಿಯೋ ಮಾಡಿ ವಿದೇಶಕ್ಕೂ ಮಾರಿದ್ದರು. ಪಿಟೀಲು ನುಡಿಸಿದ ಹಿರಿಯರು ತಕರಾರು ತೆಗೆದಿದ್ದರು. ಗುರುಗಳು ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ನೋಟ್‌ಬುಕ್‌ನಿಂದ ಹರಿದ ಅರ್ಧ ಹಾಳೆ. "ರೆಕಾರ್ಡಿಂಗ್ ಬಾಬ್ತು ಸಂಭಾವನೆ ಸಂದಿದೆ" ಎಂದು ಒಂದು ಸಾಲು, ಕೆಳಗೆ ರೆವಿನ್ಯೂ ಸ್ಟಾಂಪ್, ಅದರ ಮೇಲೆ ಓರೆಯಾಗಿ ಸಹಿ. ಅಷ್ಟೇ. ಯಾವ ರೆಕಾರ್ಡಿಂಗ್, ಯಾತಕ್ಕೆ, ಎಲ್ಲಿ ಮಾರುತ್ತಾರೆ, ಎಷ್ಟು ವರ್ಷ, ಒಂದೂ ಇಲ್ಲ. ತರಗತಿಯ ಅಭ್ಯಾಸಕ್ಕೆ ಎಂದುಕೊಂಡು ಆ ಹಿರಿಯರು ನುಡಿಸಿದ್ದರು. ಮುಂದೊಂದು ದಿನ ನೆಂಟರ ಮಗಳ ಫೋನಿನಲ್ಲಿ ತಮ್ಮ ಕೈ, ತಮ್ಮ ಕಮಾನು ಕಂಡಿತು. ಮಾತುಕತೆಗೆ ಕೂತಾಗ ಅವರು ದುಡ್ಡಿನ ಮಾತೇ ಎತ್ತಲಿಲ್ಲ. "ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದಷ್ಟೇ ಹೇಳಿದರು. ಕೊನೆಗೆ ರಾಜಿಯಾಯಿತು, ಆದರೆ ಅಷ್ಟರಲ್ಲಿ ವಿಡಿಯೋಗಳು ಇಳಿದಿದ್ದವು, ಕೊಂಡವರಿಗೆ ದುಡ್ಡು ವಾಪಸು ಹೋಗಿತ್ತು.

ಪಕ್ಕವಾದ್ಯದವರಿಗೆ ಕಾಯ್ದೆಯಲ್ಲಿ ತಮ್ಮದೇ ಹಕ್ಕಿದೆ. ಅದನ್ನು ಪ್ರದರ್ಶಕರ ಹಕ್ಕು ಎನ್ನುತ್ತಾರೆ, 50 ವರ್ಷ ಇರುತ್ತದೆ. ಕಾಯ್ದೆ ಪಟ್ಟಿ ಮಾಡಿರುವ ಪ್ರದರ್ಶಕರಲ್ಲಿ ನಟರು, ಗಾಯಕರು, ವಾದಕರ ಜೊತೆಗೆ ಹಾವಾಡಿಗರೂ ಇದ್ದಾರೆ, ಉಪನ್ಯಾಸ ಮಾಡುವವರೂ ಇದ್ದಾರೆ. ಅಂದರೆ ಪಾಠ ಹೇಳುವ ನಿಮಗೂ ಆ ಹಕ್ಕಿದೆ. ಮುಂದೆ ಯಾವುದಾದರೂ ಕಂಪನಿ ನಿಮ್ಮ ಪಾಠ ಕೊಳ್ಳಲು ಬಂದರೆ ನೆನಪಿಟ್ಟುಕೊಳ್ಳಿ. ವಾದಕರು ಬರಹದಲ್ಲಿ ಒಪ್ಪಿಗೆ ಕೊಟ್ಟರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಆಮೇಲೆ ಅವರು ನಿಮ್ಮ ಮಾರಾಟವನ್ನು ತಡೆಯಲಾಗದು. ಆದರೆ ವ್ಯಾಪಾರದ ಬಳಕೆಗೆ ಅವರಿಗೆ ರಾಯಧನ (ರಾಯಲ್ಟಿ) ಸಲ್ಲಬೇಕು ಎಂದು 2012ರ ತಿದ್ದುಪಡಿ ಹೇಳಿದೆ. ಹಾಗಾಗಿ ರಾಯಧನದ ಮಾತನ್ನು ಮುಚ್ಚಿಡಬೇಡಿ. ದಿನದ ಸಂಭಾವನೆ ಎಷ್ಟು, ಮಾರಾಟದಲ್ಲಿ ಪಾಲು ಎಷ್ಟು ಎಂದು ಎದುರಾಎದುರು ಕೂತು ಮಾತಾಡಿ, ಬರೆಯಿರಿ.

ಬರೆಯುವಾಗ ಮರೆಯಬಾರದ್ದು ಎರಡು ವಿಷಯ. ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ವರ್ಷ ಎಂದು ಇಲ್ಲದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದುಕೊಳ್ಳುತ್ತದೆ. ಎಲ್ಲಿ ಎಂದು ಇಲ್ಲದಿದ್ದರೆ ಭಾರತದ ಒಳಗೆ ಮಾತ್ರ. ನಿಮ್ಮ ಅಮೆರಿಕ, ದುಬೈ ಮಾರಾಟ ಪೂರ್ತಿ ನಿಂತಿರುವುದು "ಜಗತ್ತಿನ ಎಲ್ಲ ಕಡೆ" ಎಂಬ ಮೂರೇ ಪದದ ಮೇಲೆ. ಇನ್ನೊಂದು, ಬರೆಸಿಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ವಾಪಸು ಹೋಗುತ್ತದೆ, ಪತ್ರದಲ್ಲಿ ಬೇರೆ ಹೇಳಿದ್ದರೆ ಮಾತ್ರ ಉಳಿಯುತ್ತದೆ. ಶೂಟ್ ಮುಗಿಸಿ ಎಡಿಟಿಂಗ್‌ಗೆ ಎರಡು ವರ್ಷ ತೆಗೆದುಕೊಳ್ಳುವವರು ಇದ್ದಾರೆ, ಅದಕ್ಕೇ ಹೇಳಿದೆ.

ನಿಮ್ಮ ಪಿಟೀಲಿನವರಿಗೆ ಇಂಥದ್ದೊಂದು ಪತ್ರ ಸಾಕು:

"ನಾನು ……, ಸಾಗರದ …… ಅವರು ತಯಾರಿಸುತ್ತಿರುವ 40 ಸಂಗೀತ ಪಾಠದ ವಿಡಿಯೋಗಳಲ್ಲಿ ಪಿಟೀಲು ನುಡಿಸಲು ಒಪ್ಪಿದ್ದೇನೆ. ಈ ವಿಡಿಯೋಗಳನ್ನು ದುಡ್ಡಿಗೆ ಮಾರಲಾಗುತ್ತದೆ ಎಂದು ನನಗೆ ಗೊತ್ತಿದೆ. ನನ್ನ ವಾದನವನ್ನು ಮತ್ತು ನನ್ನ ಚಿತ್ರವನ್ನು ಈ ಪಾಠಗಳಲ್ಲಿ, ಅವುಗಳ ಜಾಹೀರಾತಿನಲ್ಲಿ, ವೆಬ್‌ಸೈಟ್, ಆ್ಯಪ್ ಹಾಗೂ ಇಂಟರ್ನೆಟ್‌ನ ಇತರ ಕಡೆ, ಜಗತ್ತಿನ ಎಲ್ಲ ಕಡೆ, …… ವರ್ಷಗಳವರೆಗೆ ಬಳಸಲು ಒಪ್ಪಿಗೆ ಕೊಟ್ಟಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ಒಪ್ಪಿಗೆ ಮುಂದುವರಿಯುತ್ತದೆ. ಇದಕ್ಕೆ ದಿನಕ್ಕೆ ₹…… ಸಂಭಾವನೆ, ಮಾರಾಟದ ಹಣದಲ್ಲಿ ನೂರಕ್ಕೆ …… ಪಾಲು, ಪ್ರತಿ …… ತಿಂಗಳಿಗೊಮ್ಮೆ ಲೆಕ್ಕ ಕೊಟ್ಟು ಪಾವತಿ. ಪ್ರತಿ ವಿಡಿಯೋದಲ್ಲೂ ನನ್ನ ಹೆಸರು ಬರಬೇಕು."

ಕೆಳಗೆ ಇಬ್ಬರ ಸಹಿ, ತಾರೀಖು, ಇಬ್ಬರು ಸಾಕ್ಷಿಗಳು. ಅವರಿಗೆ ಒಂದು ಪ್ರತಿ ಕೊಡಿ. ಕನ್ನಡದಲ್ಲೇ ಬರೆಯಿರಿ. ಸಹಿ ಮಾಡುವವರು ಓದಿ ಅರ್ಥಮಾಡಿಕೊಂಡ ಪತ್ರಕ್ಕೆ ಇರುವ ಬಲ, ಅವರಿಗೆ ತಿಳಿಯದ ಇಂಗ್ಲಿಷ್ ಪತ್ರಕ್ಕೆ ಇಲ್ಲ.

ಕ್ಯಾಮೆರಾ ಹುಡುಗ ಪುಕ್ಕಟೆ ಮಾಡಿಕೊಡುತ್ತಾನೆ ಎಂದಿರಲ್ಲ, ದಯವಿಟ್ಟು ಅವನಿಗೆ ದುಡ್ಡು ಕೊಡಿ. ಪ್ರತಿಫಲ ಕೊಟ್ಟು ಮಾಡಿಸಿದ ಚಿತ್ರೀಕರಣದ ಮೊದಲ ಒಡೆತನ ಮಾಡಿಸಿದವರದ್ದು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಪುಕ್ಕಟೆಯಾದರೆ ಆ ಸಾಲು ನಿಮ್ಮ ಕೈಹಿಡಿಯುವುದಿಲ್ಲ. ಯೋಜನೆ ನನ್ನದು, ಜವಾಬ್ದಾರಿ ನನ್ನದು, ಆದ್ದರಿಂದ ನಿರ್ಮಾಪಕಿ ನಾನು ಎಂದು ವಾದಿಸಬಹುದು. ಆದರೆ ವಾದ ಮಾಡುವ ಪರಿಸ್ಥಿತಿ ಯಾಕೆ ಬೇಕು? ಬ್ಯಾಂಕ್ ಮೂಲಕ ಹಣ ಹಾಕಿ, ಒಂದು ಪತ್ರ ಮಾಡಿ, ಎಡಿಟ್ ಮಾಡದ ಮೂಲ ಫೈಲ್‌ಗಳೂ ನಿಮಗೇ ಸೇರಬೇಕು ಎಂದು ಬರೆಸಿ. ಜಗಳವಾದಾಗ ಹಾರ್ಡ್‌ಡಿಸ್ಕ್ ಯಾರ ಮನೆಯಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಲೋಗೊ, ಪೋಸ್ಟರ್ ಬರೆಯುವ ಡಿಸೈನರ್‌ಗೆ ದುಡ್ಡು ಕೊಟ್ಟರೂ ಹಕ್ಕು ತಾನಾಗಿ ಬರುವುದಿಲ್ಲ. ಅವರಿಂದ ಬೇರೆಯಾಗಿ ಬರೆಸಿಕೊಳ್ಳಿ.

ಮಕ್ಕಳ ವಿಷಯದಲ್ಲಿ ನಾನು ತುಸು ಬಿಗಿ. 18 ತುಂಬದವರು ಮಾಡಿದ ಕರಾರಿಗೆ ನಮ್ಮಲ್ಲಿ ಬೆಲೆ ಇಲ್ಲ, 1903ರಿಂದಲೂ ಅದೇ ಕಾನೂನು. ಅಪ್ಪ, ಅಮ್ಮ ಸಹಿ ಮಾಡಬೇಕು. ಸಾಧ್ಯವಾದರೆ ಇಬ್ಬರೂ. ಮಗುವನ್ನೂ ಕೇಳಬೇಕು. 14 ತುಂಬದ ಮಕ್ಕಳು ದೃಶ್ಯ ಮಾಧ್ಯಮದಲ್ಲಿ ಕಲಾವಿದರಾಗಿ ಭಾಗವಹಿಸುವುದಕ್ಕೆ ಬಾಲಕಾರ್ಮಿಕ ಕಾಯ್ದೆಯ ನಿಯಮಗಳು ಷರತ್ತು ಹಾಕಿವೆ. ಜಿಲ್ಲಾಧಿಕಾರಿಗಳ ಅನುಮತಿ, ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಶಾಲೆ ತಪ್ಪಬಾರದು, ಮಗುವಿನ ಸಂಪಾದನೆಯಲ್ಲಿ ಕನಿಷ್ಠ ನೂರಕ್ಕೆ 20 ಭಾಗ ಅದರ ಹೆಸರಿನಲ್ಲಿ ಬ್ಯಾಂಕ್ ಠೇವಣಿ. ಈ ನಿಯಮ ಮನರಂಜನೆಗೆ, ನನ್ನದು ಪಾಠ ಎಂದು ಹೇಳಬಹುದು, ಅದರಲ್ಲಿ ಹುರುಳೂ ಇದೆ. ಆದರೂ ಮಗು ಹಾಡುತ್ತದೆ, ಅದನ್ನು ನೀವು ಮಾರುತ್ತೀರಿ. ಹಾಗಾಗಿ ನನ್ನ ಸಲಹೆ: ದೊಡ್ಡ ಶಿಷ್ಯರನ್ನು ಕೂರಿಸಿಕೊಳ್ಳಿ. ಮಕ್ಕಳೇ ಬೇಕೆಂದರೆ ಶೂಟ್‌ಗೆ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಬರಹದಲ್ಲಿ ಅರ್ಜಿ ಕೊಡಿ. ಮಗುವಿನ ಪೂರ್ತಿ ಹೆಸರು, ಶಾಲೆ, ಊರು ವಿಡಿಯೋದಲ್ಲಿ ಬೇಡ. ಸಮವಸ್ತ್ರದಲ್ಲಿ ಕೂರಿಸಬೇಡಿ. ತಪ್ಪು ಸ್ವರ ಹಾಡಿ ಅಳುಮುಖ ಮಾಡಿದ ಮಗುವಿನ ತುಣುಕು ಪಾಠಕ್ಕೆ ಎಷ್ಟೇ ಉಪಯೋಗವಾದರೂ ತೆಗೆದುಹಾಕಿ. ಆ ಮಗು ನಾಳೆ ದೊಡ್ಡದಾಗುತ್ತದೆ, ವಿಡಿಯೋ ಹಾಗೇ ಇರುತ್ತದೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಫೋನಿನಲ್ಲಿ ಮನೆಯವರ ಫೋಟೊ ತೆಗೆಯುವುದು ಬೇರೆ, ಸ್ಟ್ಯಾಂಡ್, ಲೈಟ್, ಮೈಕ್ ಇಟ್ಟು ಮಾರುವ ವಿಡಿಯೋ ತೆಗೆಯುವುದು ಬೇರೆ. ಎರಡನೆಯದಕ್ಕೆ 1959ರ ನಿಯಮಗಳ ಪ್ರಕಾರ ಇಲಾಖೆಯ ಲೈಸೆನ್ಸ್ ಬೇಕು, ಶುಲ್ಕ ಇದೆ, ಮೊದಲೇ ಅರ್ಜಿ ಹಾಕಬೇಕು. ಮಾಡಿನ ಒಳಗಿನ ಭಾಗಕ್ಕಂತೂ ನಿಯಮ ಇನ್ನೂ ಬಿಗಿ. ಅಲ್ಲಿನ ಕಾವಲುಗಾರರು "ತಗೊಳ್ಳಿ, ಪರವಾಗಿಲ್ಲ" ಎಂದರೆ ಅದು ಲೈಸೆನ್ಸ್ ಆಗುವುದಿಲ್ಲ. ಪೂಜೆ ನಡೆಯುವ ಕಡೆ ದೇವಸ್ಥಾನದ ಆಡಳಿತದವರ ಒಪ್ಪಿಗೆಯೂ ಬೇಕು. ಬೇಲೂರಿನಂಥ ಕಡೆ ಹೀಗೆ ಎರಡೆರಡು ಕಚೇರಿ ಸುತ್ತಬೇಕಾಗುತ್ತದೆ. ಹಾರುವ ಕ್ಯಾಮೆರಾದಿಂದ ದೃಶ್ಯ ತೆಗೆಸುವುದಾದರೆ, 250 ಗ್ರಾಂ ಮೀರಿದ ಡ್ರೋನನ್ನು ವ್ಯಾಪಾರದ ಕೆಲಸಕ್ಕೆ ಹಾರಿಸುವವರ ಬಳಿ ಪೈಲಟ್ ಸರ್ಟಿಫಿಕೇಟ್ ಇರಬೇಕು. ಎರಡು ನಿಮಿಷದ ಒಂದು ದೃಶ್ಯಕ್ಕೆ ಇಷ್ಟು ಓಡಾಟ ಬೇಕೇ ಎಂದು ಯೋಚಿಸಿ. ಮಲೆನಾಡಿನ ಮನೆಯ ಜಗಲಿ, ಎದುರಿಗೆ ಅಡಿಕೆ ತೋಟ, ಹಿಂದೆ ಮಳೆಯ ಬೆಳಕು. ಸಂಗೀತ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ಮನೆ ಬೇರೆಯವರದ್ದಾದರೆ ಅವರಿಂದ ಒಂದು ಸಾಲಿನ ಒಪ್ಪಿಗೆ ಪತ್ರ ತೆಗೆದುಕೊಂಡರೆ ಮುಗಿಯಿತು. ಗೋಡೆ ಮೇಲಿನ ಸರಸ್ವತಿ ಪಟ ಹಿನ್ನೆಲೆಯಲ್ಲಿ ಸುಮ್ನೆ ಕಾಣುವುದಕ್ಕೆ ತೊಂದರೆಯಿಲ್ಲ, ಕಾಯ್ದೆಯೇ ಅದನ್ನು ಬಿಟ್ಟಿದೆ.

ಶ್ರುತಿ ಪೆಟ್ಟಿಗೆಯೋ ತಂಬೂರಿಯೋ ಇಟ್ಟುಕೊಂಡರೆ ಯಾರನ್ನೂ ಕೇಳಬೇಕಿಲ್ಲ. ಫೋನಿನ ತಂಬೂರಿ ಆ್ಯಪ್ ಆದರೆ ಅದರ ಷರತ್ತುಗಳಲ್ಲಿ ವ್ಯಾಪಾರದ ರೆಕಾರ್ಡಿಂಗ್‌ಗೆ ಬಳಸಬಹುದೇ ಎಂದು ಓದಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಶೀರ್ಷಿಕೆಗೆ ಇಂಟರ್ನೆಟ್‌ನಿಂದ ಮ್ಯೂಸಿಕ್ ತರುವ ಬದಲು ನಿಮ್ಮ ಪಿಟೀಲಿನವರಿಂದಲೇ ಹತ್ತು ಸೆಕೆಂಡು ನುಡಿಸಿ.

ಸೆನ್ಸಾರ್ ಸರ್ಟಿಫಿಕೇಟ್ ಚಿತ್ರಮಂದಿರದಂಥ ಸಾರ್ವಜನಿಕ ಪ್ರದರ್ಶನಕ್ಕೆ. ಲಾಗಿನ್ ಕೊಟ್ಟು ಆನ್‌ಲೈನ್‌ನಲ್ಲಿ ಮಾರುವ ಪಾಠಕ್ಕೆ ಬೇಡ. ಪೆನ್‌ಡ್ರೈವ್‌ನಲ್ಲಿ ಹಾಕಿ ಮಾರಿದರೆ ಮಾತ್ರ ತಯಾರಕರ, ಹಕ್ಕುದಾರರ ಹೆಸರು ವಿಳಾಸ ಅದರ ಮೇಲೆ ಇರಬೇಕು, ಸರ್ಟಿಫಿಕೇಟ್‌ನ ಪ್ರಶ್ನೆಯೂ ಏಳುತ್ತದೆ. ನೀವು ಆನ್‌ಲೈನ್‌ಗೇ ಅಂಟಿಕೊಳ್ಳಿ. ವರ್ಷದ ಒಟ್ಟು ವಹಿವಾಟು ₹20 ಲಕ್ಷ ದಾಟುವ ಹಾಗಿದ್ದರೆ ಜಿ.ಎಸ್.ಟಿ. ನೋಂದಣಿ ಬೇಕು. ವಿದೇಶದಿಂದ ಬರುವ ಹಣದ ಬಗ್ಗೆ ಆಡಿಟರ್ ಅವರನ್ನು ಮೊದಲೇ ಕೇಳಿ. ಕೊಂಡವರ ಫೋನ್ ನಂಬರನ್ನು ಪಾಠ ಕಳಿಸುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬೇಡಿ.

ಈಗ ನಿಮ್ಮ ಗುರುಗಳ ಐದು ದೇವರನಾಮ. ಧಾಟಿ ಅವರದ್ದೇ ಆದರೆ ಹಕ್ಕು ಅವರ ವಾರಸುದಾರರದ್ದು. ಗುರುಗಳ ಪತ್ನಿ, ಮಕ್ಕಳು ಯಾರಿದ್ದಾರೋ ಎಲ್ಲರದ್ದೂ. ಒಬ್ಬ ಮಗ ಫೋನಿನಲ್ಲಿ "ಮಾಡಿ ಮಾಡಿ" ಎಂದರೆ ಸಾಲದು, ಎಲ್ಲರ ಸಹಿ ಬೇಕು. ಶಿಷ್ಯೆಯಾಗಿ ಕೇಳಲು ನಿಮಗೆ ಸಂಕೋಚ ಆಗಬಹುದು, ಗುರುಗಳ ಮನೆಗೆ ಕಾಗದ ಹಿಡಿದುಕೊಂಡು ಹೇಗೆ ಹೋಗಲಿ ಎಂದು. ತಟ್ಟೆಯಲ್ಲಿ ಎಲೆ, ಅಡಿಕೆ, ಹಣ್ಣು ಇಟ್ಟುಕೊಂಡು ಹೋಗಿ. ಪತ್ರವನ್ನೂ ಅದೇ ತಟ್ಟೆಯಲ್ಲಿ ಇಡಿ. ಆ ಐದು ಹಾಡುಗಳನ್ನು ಅವರ ಮುಂದೆ ಹಾಡಿ ತೋರಿಸಿ, ಪ್ರತಿ ವಿಡಿಯೋದಲ್ಲೂ "ರಾಗ ಸಂಯೋಜನೆ" ಎಂದು ಗುರುಗಳ ಹೆಸರು ಬರುತ್ತದೆ, ಮಾರಾಟದಲ್ಲಿ ಇಷ್ಟು ಪಾಲು ಮನೆಗೆ ಬರುತ್ತದೆ ಎಂದು ಪತ್ರ ಓದಿ ಹೇಳಿ. ಒಬ್ಬರು ಒಪ್ಪದಿದ್ದರೂ ಆ ಹಾಡುಗಳನ್ನು ಬಿಟ್ಟುಬಿಡಿ, ಒತ್ತಾಯ ಬೇಡ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಪಿಟೀಲು, ಮೃದಂಗ, ಕ್ಯಾಮೆರಾದವರ ಪತ್ರ ಮೂರೂ ಆದ ದಿನವೇ ಸರಳೆ ವರಸೆಯ ಪಾಠದಿಂದ ಶೂಟ್ ಶುರು ಮಾಡಿ.